ಸಹಿಯೊಂದಿಗೆ ಮುಗಿಯದ ಹೊಣೆ

ಸರ್ಕಾರಿ ಕಚೇರಿಯ ಬದುಕನ್ನು ಬಲ್ಲವರಿಗೆ ‘ನಿರುಪಯುಕ್ತ ವಸ್ತುಗಳ ವಿಲೇವಾರಿ’ ಎಂಬ ಕಡತ ಅಪರಿಚಿತವಲ್ಲ. ಹಲವು ವರ್ಷಗಳ ಹಿಂದೆ ಅಂಥದೊಂದು ಕಡತ ಈ ಸಾಲುಗಳನ್ನು ಬರೆಯುತ್ತಿರುವವನ ಮೇಜಿಗೂ ಬಂದಿತ್ತು. ಉಗ್ರಾಣದಲ್ಲಿ ಧೂಳು ಹಿಡಿದು ಕುಳಿತಿದ್ದ ಗಣಕಯಂತ್ರಗಳು, ಪ್ರಿಂಟರುಗಳು, ಬ್ಯಾಟರಿಗಳು. ಸಮಿತಿಯ ವರದಿ, ಹರಾಜಿನ ದಾಖಲೆ, ಅತಿ ಹೆಚ್ಚು ಬೆಲೆ ಕೂಗಿದವನ ಹೆಸರು, ಎಲ್ಲವೂ ಕ್ರಮಬದ್ಧವಾಗಿದ್ದುವು. ಸಹಿ ಹಾಕಿದ್ದಾಯಿತು. ಲಾರಿ ಬಂದು ಎಲ್ಲವನ್ನೂ ಹೊತ್ತೊಯ್ದಿತು. ಕೋಣೆ ತೆರವಾದ ಸಂತೋಷದಲ್ಲಿ, ಆ ಲಾರಿ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ; ಕೇಳಬೇಕೆಂದು ನಮಗೂ ತೋಚಲಿಲ್ಲ.

ಆ ಪ್ರಶ್ನೆಯನ್ನು ಇನ್ನು ಮುಂದೂಡುವಂತಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಹಳೆಯ ಯಂತ್ರಗಳಲ್ಲಿ ಅನೇಕವು ಹೊಸ ಆವೃತ್ತಿಗೆ ಒಗ್ಗುವುದಿಲ್ಲ. ಹೀಗಾಗಿ, ಕೆಡದೇ ಇರುವ ಯಂತ್ರಗಳಿಗೂ ಕಚೇರಿಯಿಂದ ಹೊರಬೀಳುವ ಕಾಲ ಬಂದಿದೆ.

ಹಳೆಯದನ್ನು ಬಾಳಿಸುವ ವಿದ್ಯೆ ಚೆನ್ನೈಗೆ ಹೊಸತಲ್ಲ. ಅಣ್ಣಾ ಸಾಲೈ ಬದಿಯ ರಿಚಿ ಸ್ಟ್ರೀಟಿನ ಕಿರಿದಾದ ಅಂಗಡಿಗಳಲ್ಲಿ ಸತ್ತ ಯಂತ್ರದ ಅಂಗವೊಂದು ಮತ್ತೊಂದಕ್ಕೆ ಜೀವ ಕೊಡುವುದನ್ನು ನಮ್ಮಲ್ಲಿ ಬಹುಮಂದಿ ಕಂಡಿದ್ದೇವೆ. ಅದು ಗೌರವಕ್ಕೆ ಅರ್ಹವಾದ ಕಸುಬು. ತೊಂದರೆ ಆರಂಭವಾಗುವುದು ಅಲ್ಲಿಯೂ ಬೇಡವಾದುದು ಇಲ್ಲಿನವರು ‘ಕಾಯಲಾನ್ ಕಡೈ’ ಎಂದು ಕರೆಯುವ ಗುಜರಿ ಅಂಗಡಿಯ ದಾರಿ ಹಿಡಿದಾಗ. ತಾಮ್ರಕ್ಕಾಗಿ ತಂತಿಯ ಪ್ಲಾಸ್ಟಿಕ್ಕನ್ನು ಬಯಲಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಗಾಳಿಗೆ ಸೇರುತ್ತದೆ. ಚಿನ್ನದ ಲೇಪವನ್ನು ತೆಗೆಯಲು ಬಳಸಿದ ಆಮ್ಲ ಚರಂಡಿಗೆ ಹರಿಯುತ್ತದೆ. ಹಳೆಯ ಪರದೆಗಳ ಗಾಜಿನಲ್ಲಿ ಸೀಸವಿದೆ. ಆಮೇಲೆ ಬಂದ ಚಪ್ಪಟೆ ಪರದೆಗಳಲ್ಲಿ ಹಲವದರ ಹಿಂಬದಿ ದೀಪದಲ್ಲಿ ಪಾದರಸವಿದೆ. ಉಳಿದ ಚೂರು ಊರಿನ ಕಸದೊಡನೆ ಬೆರೆತರೆ ಸೇರುವುದು ಕೊಡುಂಗೈಯೂರಿನಂಥ ಕಸದ ಬೆಟ್ಟವನ್ನು. ದಶಕಗಳ ಕಾಲ ಕಸ ಸುರಿಸಿಕೊಂಡ ಪೆರುಂಗುಡಿಯಂತೂ, 2022ರಲ್ಲಿ ರಾಮ್‌ಸಾರ್ ಮಾನ್ಯತೆ ಪಡೆದ ಪಳ್ಳಿಕರಣೈ ಜೌಗುಭೂಮಿಯ ಮಗ್ಗುಲಲ್ಲೇ ಇದೆ.

ಚಿನ್ನವೆಂದರೆ ಕನ್ನಡಿಗನಿಗೆ ನೆನಪಾಗುವುದು ಕೋಲಾರ. ಈ ನಾಡಿನ ತಮಿಳು ಕಾರ್ಮಿಕರು ಅಲ್ಲಿಗೆ ವಲಸೆ ಹೋಗಿ ತಲೆಮಾರುಗಳ ಕಾಲ ಪಾತಾಳಕ್ಕಿಳಿದು ಅಗೆದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಎಲ್ಲಿಗೋ ಹೋಯಿತು. ಸಯನೈಡ್ ಗುಡ್ಡಗಳು ಮಾತ್ರ ಅಲ್ಲಿಯೇ ಉಳಿದು, ಇಂದಿಗೂ ಗಾಳಿ ಬೀಸಿದಾಗ ಅಲ್ಲಿನವರ ಮನೆಯಂಗಳಕ್ಕೆ ಧೂಳೆರಚುತ್ತಿವೆ. ಒಂದು ಟನ್ ಅದಿರಿಗಿಂತ ಒಂದು ಟನ್ ಗಣಕಯಂತ್ರದ ಸರ್ಕಿಟ್ ಹಲಗೆಗಳಲ್ಲಿ ಎಷ್ಟೋ ಪಟ್ಟು ಹೆಚ್ಚು ಚಿನ್ನವಿದೆ. ಅಂದರೆ ನಾವು ಎಸೆಯುತ್ತಿರುವುದು ಒಂದು ಗಣಿಯನ್ನೇ. ಅದನ್ನು ಅಗೆಯುವ ಬಗೆ ತಪ್ಪಿದರೆ ವಿಷದ ಗುಡ್ಡ ಈ ಊರಿನ ಯಾವುದೋ ಬಡಗಲ್ಲಿಯಲ್ಲಿ ಬೆಳೆಯುತ್ತದೆ.

ಕಾನೂನು ಸುಮ್ಮನಿದೆ ಎನ್ನುವಂತಿಲ್ಲ. ಇ-ತ್ಯಾಜ್ಯದ ನಿಯಮಗಳು ಮೊದಲು 2012ರ ಮೇ 1ರಿಂದ ಜಾರಿಗೆ ಬಂದುವು. 2016ರಲ್ಲಿ ಹೊಸ ನಿಯಮಗಳಾದುವು. ಈಗಿರುವವು 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ದೊಡ್ಡ ಬಳಕೆದಾರರು ತಮ್ಮ ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರು, ದುರಸ್ತಿಗಾರರು ಅಥವಾ ಮರುಬಳಕೆದಾರರಿಗೆ ಮಾತ್ರ ಒಪ್ಪಿಸಬೇಕು. ಆದರೆ ದೊಡ್ಡ ಬಳಕೆದಾರನೆಂದರೆ ವರ್ಷದಲ್ಲಿ ಕನಿಷ್ಠ 1000 ಉಪಕರಣಗಳನ್ನು ಬಳಸಿದವನು. ನಮ್ಮವರ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲಿನ ಯಂತ್ರ, ಲೆಕ್ಕಪರಿಶೋಧಕರ ಕಚೇರಿಯ ಹತ್ತು ಯಂತ್ರ, ಮುದ್ರಣಾಲಯದ ನಾಲ್ಕು ಯಂತ್ರ ಈ ಎಣಿಕೆಗೆ ಸಿಗುವುದಿಲ್ಲ. ಕಾನೂನಿನ ಕಣ್ಣು ತಪ್ಪಿಸಿದ್ದು ಗಲ್ಲಿಯ ಗಾಳಿಯನ್ನು ತಪ್ಪಿಸುವುದಿಲ್ಲ.

ಇಲ್ಲಿರುವ ನಿಜವಾದ ತೊಡಕು ಬೆಲೆಯದು. ವಿಷವನ್ನು ವಿಷವೆಂದು ಗುರುತಿಸಿ ಸಂಸ್ಕರಿಸುವವನಿಗೆ ಖರ್ಚಿದೆ. ಬಯಲಲ್ಲಿ ಸುಡುವವನಿಗೆ ಅದಿಲ್ಲ. ಆದುದರಿಂದಲೇ ಹರಾಜಿನಲ್ಲಿ ಎರಡನೆಯವನು ಹೆಚ್ಚು ಕೂಗಬಲ್ಲ. ಆ ಹೆಚ್ಚಿನ ಹಣ ಖಜಾನೆಗೆ ಬಂದ ಲಾಭವೆಂದು ಕಡತದಲ್ಲಿ ನಮೂದಾಗುತ್ತದೆ. ವಾಸ್ತವದಲ್ಲಿ ಅದನ್ನು ತೆತ್ತವರು, ಆಮ್ಲದ ಬಾಣಲೆಯ ಮುಂದೆ ಕೈಗವಸೂ ಇಲ್ಲದೆ ಕುಳಿತ ಹೆಂಗಸರು ಮತ್ತು ಮಕ್ಕಳು.

ಹಾಗೆಂದು ದಾನದ ಹೆಸರಿನಲ್ಲಿ ಕೈತೊಳೆದುಕೊಳ್ಳುವುದೂ ಸಲ್ಲದು. ಹಾಲು ಬತ್ತಿದ ಹಸುಗಳನ್ನು ದಾನವಿತ್ತ ತಂದೆಯನ್ನು ಕಂಡು ನಚಿಕೇತ ನಾಚಿದ. ಆರು ತಿಂಗಳಲ್ಲಿ ಕೆಟ್ಟುನಿಲ್ಲುವ ಯಂತ್ರವನ್ನು ಶಾಲೆಗೆ ಕೊಡುವುದು ಆ ಹಸುವನ್ನು ಕೊಟ್ಟಂತೆಯೇ. ಸಿರಿವಂತ ದೇಶಗಳು ‘ಬಳಸಿದ ಯಂತ್ರ’ಗಳೆಂಬ ಹೆಸರಿನಲ್ಲಿ ಬಡದೇಶಗಳ ಬಂದರುಗಳಿಗೆ ಕಸ ತುಂಬಿದಾಗ ನಾವು ಪ್ರತಿಭಟಿಸಿದೆವು. ಅದನ್ನೇ ನಾವು ಹಳ್ಳಿಶಾಲೆಗೆ ಮಾಡಬಾರದು. ಗಟ್ಟಿಯಾಗಿರುವ ಯಂತ್ರವನ್ನು ಆರಿಸಿ, ಅದರಲ್ಲಿನ ಮಾಹಿತಿಯನ್ನು ಪೂರ್ತಿ ಅಳಿಸಿ, ಹಳೆಯ ಯಂತ್ರಕ್ಕೂ ಒಗ್ಗುವ ಉಚಿತ ಲಿನಕ್ಸ್ ತಂತ್ರಾಂಶವನ್ನೂ ಕನ್ನಡ ಕೀಲಿಮಣೆಯನ್ನೂ ಅಳವಡಿಸಿ ಕೊಟ್ಟರೆ, ತಾಳವಾಡಿಯ ಕನ್ನಡ ಮಕ್ಕಳಿಗೆ ಅದು ನಿಜವಾದ ಕೊಡುಗೆಯಾದೀತು. ಕೆಟ್ಟಾಗ ಮರಳಿ ಪಡೆಯುವ ಮಾತೂ ಕೊಡುವಾಗಲೇ ಆಗಬೇಕು.

ದುರಸ್ತಿ ಮೊದಲು, ಮರುಬಳಕೆ ಅನಂತರ, ಎರಡೂ ಆಗದಾಗ ಮಾತ್ರ ನೋಂದಾಯಿತ ಮರುಬಳಕೆದಾರ: ಕ್ರಮ ಇಷ್ಟೇ. ಇಲ್ಲಿನ ಕನ್ನಡಿಗರಲ್ಲಿ ಕಚೇರಿಯ ಸಹಿ ಕೈಯಲ್ಲಿರುವವರು, ಅಂಗಡಿಯ ಲೆಕ್ಕ ಕೈಯಲ್ಲಿರುವವರು ಅನೇಕರು. ಅನ್ನ ಕೊಟ್ಟ ಊರಿಗೆ ನಾವು ಸಲ್ಲಿಸಬೇಕಾದ ಋಣ ಸಭೆ ಸಮಾರಂಭಗಳಲ್ಲಿ ಮಾತ್ರ ತೀರುವುದಿಲ್ಲ. ಮುಂದಿನ ಬಾರಿ ಅಂಥ ಕಡತ ಮೇಜಿಗೆ ಬಂದಾಗ, ಯಾರು ಹೆಚ್ಚು ಕೊಡುತ್ತಾನೆ ಎನ್ನುವ ಮೊದಲು ಲಾರಿ ಎಲ್ಲಿಗೆ ಹೋಗುತ್ತದೆಂದು ಕೇಳೋಣ. ಅಂದು ನಾವು ಕೇಳಲಿಲ್ಲ. ಆ ಸಹಿ ಇಂದಿಗೂ ಮನಸ್ಸನ್ನು ಚುಚ್ಚುತ್ತಿದೆ.