ಬೆನ್ನುನೋವಿಗೆ ಮಂಚ ಮದ್ದಲ್ಲ



ನಮ್ಮ ಸಮಾಜದಲ್ಲಿ ಬೆನ್ನುನೋವಿನವರಿಗೆ ಉಚಿತವಾಗಿಯೂ ಧಾರಾಳವಾಗಿಯೂ ದೊರೆಯುವ ಔಷಧವೊಂದಿದೆ. ಅದರ ಹೆಸರು ವಿಶ್ರಾಂತಿ. “ಮಲಗಿಕೊಂಡಿರಿ ಸರ್”, “ಬಕೆಟ್ಟು ಎತ್ತಬೇಡಿ ಮಾವ”, “ಬಗ್ಗಬೇಡಿ ದೊಡ್ಡಪ್ಪ” ಎನ್ನುವವರೆಲ್ಲರೂ ನನ್ನ ಹಿತೈಷಿಗಳೇ. ಆ ಮಾತಿನ ಹಿಂದಿನ ಅಕ್ಕರೆಗೆ ನಾನು ಋಣಿ. ಆದರೆ ಅಕ್ಕರೆಯಿಂದ ಹೇಳಿದ ಮಾತ್ರಕ್ಕೆ ತಪ್ಪು ಮಾತು ಸರಿಯಾಗುವುದಿಲ್ಲ. ವಿದ್ಯಾರ್ಥಿಯು ಎಷ್ಟೇ ದುಂಡಾದ ಅಕ್ಷರಗಳಲ್ಲಿ ತಪ್ಪು ಉತ್ತರ ಬರೆದಿದ್ದರೂ ಮೇಷ್ಟ್ರಾದವನು ಕೆಂಪು ಗೆರೆ ಎಳೆಯಲೇಬೇಕು. ಹದಿನೈದು ವರ್ಷಗಳಿಂದ ಸೊಂಟದ ನೋವಿನೊಡನೆ ಬಾಳ್ವೆ ಮಾಡುತ್ತಿರುವ ನಾನು ಇಂದು ಆ ಕೆಂಪು ಪೆನ್ನನ್ನು ಕೈಗೆತ್ತಿಕೊಂಡಿದ್ದೇನೆ.

ಮೊದಲು ವಿಷಯದ ಎಲ್ಲೆ ಸ್ಪಷ್ಟವಾಗಲಿ. ಮೂರು ತಿಂಗಳು ಮೀರಿಯೂ ಉಳಿದುಕೊಂಡ, ಮೂಳೆ ಮುರಿತ, ಸೋಂಕು, ಗಡ್ಡೆ ಮುಂತಾದ ನಿರ್ದಿಷ್ಟ ಕಾರಣ ಕಾಣದ ನೋವನ್ನು ಕುರಿತು ನಾನು ಹೇಳುತ್ತಿದ್ದೇನೆ. ದೀರ್ಘಕಾಲದ ಬೆನ್ನುನೋವುಗಳಲ್ಲಿ ಬಹುಪಾಲು ಈ ಬಗೆಯವೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟದ ಭಾಗದ ನೋವಿತ್ತು. ಅವರೆಲ್ಲರೂ ನಿಮ್ಮ ಸಲಹೆಯಂತೆ ಮಂಚ ಹಿಡಿದಿದ್ದರೆ ಲೋಕದ ಗತಿ ಏನಾಗುತ್ತಿತ್ತೆಂದು ಊಹಿಸಿ!

ವಿಶ್ರಾಂತಿಯಿಂದ ಬೆನ್ನು ವಾಸಿಯಾಗುವುದಿಲ್ಲ ಎಂಬುದು ಹೊಸ ಸಂಶೋಧನೆಯೇನೂ ಅಲ್ಲ. 1986ರಲ್ಲಿಯೇ ಅಮೆರಿಕದಲ್ಲಿ ಬೆನ್ನುನೋವಿನವರ ಒಂದು ಗುಂಪಿಗೆ ಎರಡು ದಿನ, ಇನ್ನೊಂದು ಗುಂಪಿಗೆ ಏಳು ದಿನ ಮಲಗಿರಲು ಹೇಳಿ ಪರೀಕ್ಷಿಸಿದರು. ಏಳು ದಿನದವರಿಗೆ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಕೆಲಸದ ದಿನಗಳು ಮಾತ್ರ ಹೆಚ್ಚು ನಷ್ಟವಾದವು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ನಗರಾಡಳಿತದ ನೌಕರರಲ್ಲಿ, ಹಠಾತ್ತನೆ ಬೆನ್ನು ಹಿಡಿದುಕೊಂಡವರನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಹಾಸಿಗೆ, ಒಂದಕ್ಕೆ ವ್ಯಾಯಾಮ, ಮೂರನೆಯದಕ್ಕೆ ನೋವು ತಾಳುವಷ್ಟರಮಟ್ಟಿಗೆ ಎಂದಿನ ಕೆಲಸ. ಬೇಗ ಚೇತರಿಸಿಕೊಂಡವರು ಮೂರನೆಯವರು; ಹಿಂದುಳಿದವರು ಹಾಸಿಗೆಯವರು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 1997ರಿಂದ, ಬೆನ್ನುನೋವೆಂದು ಮಲಗಿಬಿಡಬೇಡಿ ಎಂದು ಸರ್ಕಾರದ ವತಿಯಿಂದ ದೂರದರ್ಶನದಲ್ಲಿ ಪ್ರಚಾರವನ್ನೇ ನಡೆಸಿದರು. ಕಾರ್ಮಿಕರು ಬೆನ್ನುನೋವಿಗಾಗಿ ಕೇಳುತ್ತಿದ್ದ ಪರಿಹಾರದ ಅರ್ಜಿಗಳು ಇಳಿದವು. ಹೊಸದಾಗಿ ಬಂದ ನೋವಿಗೇ ಹಾಸಿಗೆ ಮದ್ದಲ್ಲವೆಂದ ಮೇಲೆ, ವರ್ಷಗಟ್ಟಲೆ ನೆಲೆಸಿದ ನೋವಿಗೆ ಅದು ಹೇಗೆ ಮದ್ದಾದೀತು?

ವಿಜ್ಞಾನದ ಮೇಷ್ಟ್ರಾಗಿ ಇದರ ಕಾರಣವನ್ನೂ ಹೇಳಿಬಿಡುತ್ತೇನೆ. ಮರದಿಂದ ಬಿದ್ದು ಕೈ ಮುರಿದುಕೊಂಡು ಬ್ಯಾಂಡೇಜು ಹಾಕಿಸಿಕೊಂಡು ಬರುತ್ತಿದ್ದ ಹುಡುಗರನ್ನು ನೀವೂ ನೋಡಿದ್ದೀರಿ. ಬ್ಯಾಂಡೇಜು ಬಿಚ್ಚಿದ ದಿನ ಆ ಕೈ ಕಡ್ಡಿಯಂತಾಗಿರುತ್ತಿತ್ತು. ಬಳಸದ ಸ್ನಾಯು ಸೊರಗುತ್ತದೆ. ಬೆನ್ನಿನ ಸ್ನಾಯುಗಳಿಗೂ ಇದೇ ನಿಯಮ. ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗೆ ವಯಸ್ಕರಲ್ಲಿ ತನ್ನದೇ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಅದು ಸುತ್ತಲಿನಿಂದ ಜಿನುಗಿ ಬರುವ ಪೋಷಣೆಯಿಂದಲೇ ಬದುಕುವ ಅಂಗ. ಮಲಗಿದವನ ಸ್ನಾಯು ಸೊರಗಿ, ಕೀಲು ಬಿಗಿದು, ನಾಳೆ ಎದ್ದಾಗ ನೋವು ಇಮ್ಮಡಿಯಾಗುತ್ತದೆ. ಆಗ ಹಿತೈಷಿಗಳು ಹೇಳುತ್ತಾರೆ: “ನೋಡಿದಿರಾ, ಇನ್ನೂ ವಿಶ್ರಾಂತಿ ಬೇಕು!”

ಎರಡನೆಯ ಕೆಂಪು ಗೆರೆ ಎಂಆರ್‌ಐ ಚಿತ್ರಕ್ಕೆ. ನನ್ನ ಶಿಷ್ಯರಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಮೂವತ್ತೈದಕ್ಕೇ ಬೆನ್ನು ಹಿಡಿದುಕೊಂಡವರು ಹಲವರಿದ್ದಾರೆ. ಅವರು ತಮ್ಮ ವರದಿಯನ್ನು ನನಗೆ ಕಳುಹಿಸಿ, “ಸರ್, ಡಿಸ್ಕ್ ಜಾರಿದೆಯಂತೆ, ಸವೆದಿದೆಯಂತೆ, ಮುಗಿಯಿತು ನನ್ನ ಕಥೆ” ಎಂದು ಕೊರಗುತ್ತಾರೆ. ಏನೂ ಮುಗಿದಿಲ್ಲಪ್ಪ. 1994ರಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯ ಡಿಸ್ಕ್ ಉಬ್ಬಿತ್ತು; ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಶೇ. 36 ಮಾತ್ರ. 2015ರ ಒಂದು ಸಮಗ್ರ ಪರಿಶೀಲನೆಯಂತೆ, ನೋವಿಲ್ಲದವರಲ್ಲಿಯೂ ಡಿಸ್ಕ್ ಸವೆತವು ಇಪ್ಪತ್ತರ ಪ್ರಾಯದಲ್ಲಿ ಶೇ. 37, ಎಂಬತ್ತರಲ್ಲಿ ಶೇ. 96. ತಲೆನೋವು ಬಂದಾಗ ಕೂದಲು ನರೆತದ್ದೇ ಕಾರಣವೆಂದು ಯಾರಾದರೂ ಹೇಳುತ್ತಾರೆಯೇ? ಸವೆತವೂ ಬಹುಮಟ್ಟಿಗೆ ಹಾಗೆಯೇ. ಡಿಸ್ಕ್ ಸಾಬೂನಿನಂತೆ ಜಾರುವ ವಸ್ತುವೂ ಅಲ್ಲ. ಹೊರಚಾಚಿದ ಭಾಗವು ಎಷ್ಟೋ ಮಂದಿಯಲ್ಲಿ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ಆದರೆ ‘ಜಾರಿದೆ’ ಎಂಬ ಆ ಒಂದು ಮಾತು ಮನಸ್ಸಿನೊಳಗೆ ಹೊಕ್ಕರೆ ಮನುಷ್ಯ ನೆಲದ ಮೇಲೆ ಕೂರಲೂ ಹೆದರುತ್ತಾನೆ.

ಮೂರನೆಯ ಗೆರೆ ಮಾರುಕಟ್ಟೆಗೆ. ಸೊಂಟದ ಬೆಲ್ಟು, ಎಳೆತದ ಚಿಕಿತ್ಸೆ, ಅಯಸ್ಕಾಂತದ ಹಾಸಿಗೆ, ಹೆಸರಿಲ್ಲದ ಎಣ್ಣೆ ಎಲ್ಲವೂ ನಮ್ಮ ಮನೆಯ ಬಾಗಿಲು ತಟ್ಟಿವೆ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆಂದೇ ಮಾರ್ಗಸೂಚಿ ಹೊರಡಿಸಿತು. ಬೆಲ್ಟು, ಎಳೆತ, ಅಫೀಮು ಜಾತಿಯ ನೋವುನಿವಾರಕ ಇವುಗಳನ್ನು ವಾಡಿಕೆಯಾಗಿ ಬಳಸಬಾರದೆಂದು ಅದು ಹೇಳಿದೆ. ಬದಲಿಗೆ ಅದು ಮುಂದಿಟ್ಟಿರುವ ಉಪಾಯಗಳಲ್ಲಿ ರೋಗಿಗೆ ತಿಳಿವಳಿಕೆ ನೀಡುವುದು, ವ್ಯಾಯಾಮ, ಮನಸ್ಸಿನ ಭಯ ತಗ್ಗಿಸುವ ಚಿಕಿತ್ಸೆ ಇವು ಸೇರಿವೆ. ತಿಳಿವಳಿಕೆಯೂ ನಡಿಗೆಯೂ ಪೆಟ್ಟಿಗೆಯಲ್ಲಿ ಕಟ್ಟಿ ಮಾರುವ ಸರಕಲ್ಲ. ಆದ್ದರಿಂದಲೇ ಅವುಗಳಿಗೆ ಜಾಹೀರಾತಿಲ್ಲ.

ಇನ್ನು ನಿಮ್ಮ ವಿಶ್ರಾಂತಿಯ ಸಲಹೆ ಎಲ್ಲರಿಗೂ ಸಮನಾಗಿ ಸಲ್ಲುತ್ತದೆಯೇ ನೋಡಿ. ಮನೆಯ ಯಜಮಾನನಿಗೆ ಬೆನ್ನುನೋವೆಂದರೆ ಮಂಚ, ಬಿಸಿನೀರಿನ ಚೀಲ, ಕುಳಿತಲ್ಲಿಗೆ ಕಾಫಿ. ಅದೇ ಮನೆಯಲ್ಲಿ ಅಡುಗೆಕಟ್ಟೆಯ ಮುಂದೆ ಗಂಟೆಗಟ್ಟಲೆ ನಿಂತು, ಮುದ್ದೆ ತೊಳಸಿ, ಬಗ್ಗಿ ನೆಲ ಒರೆಸುವ ಹೆಣ್ಣುಮಗಳು ಸೊಂಟ ಹಿಡಿದುಕೊಂಡರೆ “ಎಲ್ಲರಿಗೂ ಇದ್ದದ್ದೇ ಬಿಡು” ಎಂಬ ಉತ್ತರ. ಬೆನ್ನುನೋವು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಎಂಬುದು ಜಗತ್ತಿನ ಅಂಕಿಅಂಶ. ಒಬ್ಬನಿಂದ ಕೆಲಸವನ್ನೇ ಕಸಿದುಕೊಳ್ಳುತ್ತೀರಿ, ಇನ್ನೊಬ್ಬಳ ನೋವನ್ನೇ ಇಲ್ಲವೆನ್ನುತ್ತೀರಿ. ಎರಡೂ ಅನ್ಯಾಯವೇ. ಆಕೆಗೆ ಬೇಕಾದದ್ದು ಕೆಲಸದ ಹಂಚಿಕೆ. ಆತನಿಗೆ ಬೇಕಾದದ್ದೂ ಅದೇ. ಬಕೆಟ್ಟನ್ನು ನನ್ನ ಕೈಯಿಂದ ಕಿತ್ತುಕೊಳ್ಳುವ ಬದಲು ಅರ್ಧ ತುಂಬಿಸಿ ಕೊಡಿ, ಇಬ್ಬರ ಬೆನ್ನೂ ಉಳಿಯುತ್ತದೆ.

ಹಾಗೆಂದು ನೋವನ್ನೆಲ್ಲ ಕಡೆಗಣಿಸಬಹುದೆಂದು ಯಾರೂ ಭಾವಿಸಕೂಡದು. ಮಲಮೂತ್ರಗಳ ಹತೋಟಿ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ನೋವಿನೊಡನೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ವಯಸ್ಸಾದವರಿಗೆ ಬಿದ್ದ ಮೇಲೆ ನೋವು ಶುರುವಾಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

“ಹಾಗಾದರೆ ನೀವೇನು ಮಾಡುತ್ತೀರಿ?” ಎಂದು ಕೇಳುವಿರಿ. ಬೆಳಿಗ್ಗೆ ನಲವತ್ತು ನಿಮಿಷ ನಡೆಯುತ್ತೇನೆ. ಆರಂಭಿಸಿದ್ದು ಹತ್ತು ನಿಮಿಷದಿಂದ. ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದ ಏಳುತ್ತೇನೆ. ತರಕಾರಿಯನ್ನು ಎರಡು ಚೀಲಗಳಲ್ಲಿ ಸಮನಾಗಿ ಹಂಚಿ ತರುತ್ತೇನೆ. ನೋವು ಹೆಚ್ಚಿದ ದಿನ ನಡಿಗೆಯನ್ನು ಕಡಿಮೆ ಮಾಡುತ್ತೇನೆಯೇ ಹೊರತು ನಿಲ್ಲಿಸುವುದಿಲ್ಲ. ನೋವು ತಗ್ಗಿದ ದಿನ ಹುರುಪಿನಿಂದ ಅಟ್ಟ ಹತ್ತಿ ಗುಡಿಸಲು ಹೋಗುವುದೂ ಇಲ್ಲ. 2024ರಲ್ಲಿ ಆಸ್ಟ್ರೇಲಿಯದಲ್ಲಿ, ಆಗಷ್ಟೇ ನೋವು ಇಳಿದಿದ್ದ 701 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಮಾರ್ಗದರ್ಶನದೊಡನೆ ನಡಿಗೆ ರೂಢಿಸಿಕೊಂಡವರಲ್ಲಿ ನೋವು ಮರುಕಳಿಸಲು ಹಿಡಿದ ಅವಧಿಯ ಮಧ್ಯಾಂಕ 208 ದಿನ, ಉಳಿದವರಲ್ಲಿ 112 ದಿನ. ಖರ್ಚಿಲ್ಲದ ಮದ್ದಿಗೆ ಇದಕ್ಕಿಂತ ಒಳ್ಳೆಯ ಅಂಕಪಟ್ಟಿ ಬೇಕೆ?

ನನ್ನ ನೋವು ಹೋಗಿದೆಯೇ? ಇಲ್ಲ. ಶಾಲೆ ಬಿಟ್ಟ ಮೇಲೂ ಜವಾನನೊಬ್ಬ ಗಂಟೆ ಬಾರಿಸುತ್ತಲೇ ಇದ್ದಂತೆ, ದೀರ್ಘಕಾಲದ ನೋವಿನಲ್ಲಿ ಹೊಸ ಗಾಯವಿಲ್ಲದಿದ್ದರೂ ನರಮಂಡಲ ಕೂಗುತ್ತಲೇ ಇರುತ್ತದೆ. ಆ ಸದ್ದು ನಿಜ. ಆದರೆ ಪ್ರತಿ ಸದ್ದಿಗೂ ಪುಸ್ತಕ ಮುಚ್ಚಿ ಓಡಬೇಕಾಗಿಲ್ಲ.

ಸರ್ಕಾರ ನನ್ನನ್ನು ಅರವತ್ತಕ್ಕೆ ನಿವೃತ್ತಿಗೊಳಿಸಿತು. ಅದು ಕಾನೂನು, ಒಪ್ಪಿದ್ದೇನೆ. ಆದರೆ ಬೆನ್ನುನೋವಿನ ನೆಪದಲ್ಲಿ ಸಂತೆ, ಮದುವೆಮನೆ, ತೋಟ, ಮೊಮ್ಮಕ್ಕಳ ಆಟ ಎಲ್ಲದರಿಂದಲೂ ಮನುಷ್ಯನನ್ನು ನಿವೃತ್ತಿಗೊಳಿಸುವ ಅಧಿಕಾರವನ್ನು ಪ್ರೀತಿಗೂ ಯಾರೂ ಕೊಟ್ಟಿಲ್ಲ. ನಿಮ್ಮ ಮನೆಗಳಲ್ಲಿ ಬೆನ್ನುನೋವಿನ ಹಿರಿಯರಿದ್ದರೆ ಅವರಿಗೆ ಮಂಚ ತೋರಿಸಬೇಡಿ. ಅವರ ಚಪ್ಪಲಿಯನ್ನು ಬಾಗಿಲ ಬಳಿ ತಂದಿಡಿ, ಕೈ ಹಿಡಿದು ಬೀದಿಯ ಕೊನೆಯವರೆಗೆ ನಡೆದುಬನ್ನಿ.