ಎಳೆ ಕಡಿದರೆ ಸಿ.ಡಿ. ಏನಾಗುತ್ತದೆ?

ಮಕ್ಕಳೇ, ಅಜ್ಜಿ ಅಂಗಳದಲ್ಲಿ ರಂಗೋಲಿ ಎಳೆಯುವುದನ್ನು ಗಮನಿಸಿದ್ದೀರಾ? ಎಳೆ ಅರ್ಧಕ್ಕೆ ಬಂದಾಗ ಕೈಯಲ್ಲಿನ ಪುಡಿ ಮುಗಿದರೆ ಅಲ್ಲೇ ನಿಲ್ಲಿಸಿ, ಮತ್ತೆ ಪುಡಿ ತೆಗೆದುಕೊಂಡು, ಬಿಟ್ಟ ಕಡೆಯಿಂದಲೇ ಜೋಡಿಸುತ್ತಾರೆ. ಬಗ್ಗಿ ನೋಡಿದವರಿಗೆ ಮಾತ್ರ ಆ ಜೋಡಣೆ ಕಾಣುತ್ತದೆ.

ಕಂಪ್ಯೂಟರಿನಲ್ಲಿ ಸಿ.ಡಿ. ಬರೆಯುವುದೂ ಅಂಥದೇ ಕೆಲಸ. ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಒಂದೇ ಎಳೆ ಅದು. ಲೇಸರ್ ಕಿರಣ ಬಣ್ಣದ ಪದರದ ಮೇಲೆ ಸುಡುತ್ತಾ ಗುರುತು ಮಾಡುತ್ತದೆ. ಒಮ್ಮೆ ಸುಟ್ಟದ್ದನ್ನು ಅಳಿಸುವಂತಿಲ್ಲ. ಡ್ರೈವಿನ ಕೈಯಲ್ಲಿರುವ ಪುಡಿಗೆ ಬಫರ್ ಎಂದು ಹೆಸರು. ಅದು ಹಲವು ಡ್ರೈವುಗಳಲ್ಲಿ 2 ಎಂ.ಬಿ. ಇರುತ್ತದೆ. ಒಂದರ ವೇಗದಲ್ಲಿ ಬರೆಯಲು ಸೆಕೆಂಡಿಗೆ 150 ಕೆ.ಬಿ. ಬೇಕು, 12ರ ವೇಗಕ್ಕೆ 1,800 ಕೆ.ಬಿ. ಭಾಗಿಸಿ ನೋಡಿ, ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿಗಷ್ಟೇ ಸಾಕು! (ಲೆಕ್ಕ ಹಾಕದೆ ಬಿಡದಿರುವುದು ಬ್ಯಾಂಕಿನವರ ಚಟ.) ಅದೇ ಹೊತ್ತಿಗೆ ಮೊಮ್ಮಗ ಒಂದು ಆಟ ತೆರೆದನೋ, ಹಾರ್ಡ್ ಡಿಸ್ಕ್ ಆ ಕಡೆ ಓಡುತ್ತದೆ, ಬಫರ್ ಬರಿದಾಗುತ್ತದೆ. ಮೊದಲೆಲ್ಲ ಅಲ್ಲಿಗೆ ಸಿ.ಡಿ. ಕೆಟ್ಟಂತೆಯೇ. ಪಾರಿವಾಳ ಓಡಿಸಲು ಬಾಲ್ಕನಿಯಲ್ಲಿ ತೂಗುಹಾಕಲಷ್ಟೇ ಲಾಯಕ್ಕು.

2000ನೇ ಇಸವಿಯಲ್ಲಿ ಜಪಾನಿನ ಸ್ಯಾನ್ಯೋ ಕಂಪನಿಯ 'ಬರ್ನ್‌ಪ್ರೂಫ್' ಬಂತು. ಬಫರ್ ಬರಿದಾಗುವ ಮೊದಲೇ ಲೇಸರನ್ನು ನಿಲ್ಲಿಸಿ, ನಿಂತ ಜಾಗವನ್ನು ನೆನಪಿಟ್ಟು, ಬಫರ್ ತುಂಬಿದ ಮೇಲೆ ಅಲ್ಲಿಂದಲೇ ಮುಂದುವರಿಸುವ ಉಪಾಯ. ಥೇಟ್ ಅಜ್ಜಿಯ ಕೈಚಳಕ.

ಆದರೆ ಜೋಡಿಸಿದಲ್ಲಿ ಅತಿ ಸಣ್ಣ ಬಿರುಕು ಉಳಿಯುತ್ತದೆ. ಸಿ.ಡಿ. ಓದುವ ಯಂತ್ರಕ್ಕೆ ಇಂಥ ಸಣ್ಣ ತಪ್ಪನ್ನು ತಾನೇ ತಿದ್ದಿಕೊಳ್ಳಲು ಬರುತ್ತದೆ, ಆದ್ದರಿಂದ ಫೋಟೋಗಳಿಗೆ, ಕಡತಗಳಿಗೆ ಚಿಂತೆಯಿಲ್ಲ. ಹಾಡಿನ ಸಿ.ಡಿ.ಯನ್ನು ಹಳೆಯ ಪ್ಲೇಯರಿಗೆ ಹಾಕಿದಾಗ ಮಾತ್ರ ಎಲ್ಲಾದರೂ ಒಮ್ಮೆ 'ಟಿಕ್' ಎನ್ನುವ ಸಂಭವವುಂಟು. ನಿಂತು ನಿಂತು ಬರೆಯುವುದರಿಂದ ಹೊತ್ತೂ ಹೆಚ್ಚು ಹಿಡಿಯುತ್ತದೆ.

ಹಾಗಾದರೆ ಮುತ್ತಜ್ಜಿ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ಟು ಮನೆಯಲ್ಲಿ ಒಂದೇ ಒಂದು ಇದೆ ಎನ್ನಿ, ಅದನ್ನು ಸಿ.ಡಿ.ಗೆ ಇಳಿಸುವಾಗ ಈ ರಕ್ಷಣೆಯನ್ನು ತೆಗೆದುಹಾಕಬೇಕೇ? ಬೇಡ ಎಂದೇ ನನ್ನ ಅಭಿಪ್ರಾಯ. ಅದು ಇರಲಿ, ಆದರೆ ಅದಕ್ಕೆ ಕೆಲಸ ಬೀಳದಂತೆ ನೋಡಿಕೊಳ್ಳಿ. ಮೊದಲು ಕ್ಯಾಸೆಟ್ಟನ್ನು ಪೂರ್ತಿ ಹಾರ್ಡ್ ಡಿಸ್ಕಿಗೆ ತುಂಬಿಸಿ. ಬೇರೆಲ್ಲ ಪ್ರೋಗ್ರಾಂ ಮುಚ್ಚಿ, 8ರ ವೇಗದಲ್ಲಿ ಬರೆಯಿರಿ. ಆಟ ಅರ್ಧ ಗಂಟೆ ಕಾಯಲಿ.

ರಕ್ಷಣೆ ಎಷ್ಟು ಸಲ ನೆರವಿಗೆ ಬಂತೆಂದು ಕೆಲವು ಪ್ರೋಗ್ರಾಂಗಳು ಕೊನೆಯಲ್ಲಿ ತೋರಿಸುತ್ತವೆ. ಸೊನ್ನೆ ಇದ್ದರೆ ಉತ್ತಮ. ಇಲ್ಲದಿದ್ದರೆ ಅಜ್ಜಿಯ ಪ್ಲೇಯರಿನಲ್ಲೇ ಆ ಸಿ.ಡಿ.ಯನ್ನು ಪೂರ್ತಿ ಕೇಳಿ ನೋಡಿ. ಅಲ್ಲಿಯವರೆಗೆ ಆ ಕ್ಯಾಸೆಟ್ಟಿನ ಮೇಲೆ ಯಾರೂ ಸಿನಿಮಾ ಹಾಡು ತುಂಬಿಸದಿರಲಿ.