ರೊಟ್ಟಿ ಮಾರಿದ್ದು ತಪ್ಪೇ, ಅಯ್ಯನವರೇ?

ಪೂಜ್ಯ ಬಿಷಪ್ ಅಯ್ಯನವರೇ, ನಮ್ಮ ಸಭಾಪ್ರಾಂತದ ಕಾರ್ಯಕಾರಿ ಸಮಿತಿಯ ಹಿರಿಯರೇ,

ನಮ್ಮ ಮನೆಯವರು ಪಾದ್ರಿ ಸೇವೆಗೆಂದು ನೀವು ಓದಲು ಕಳಿಸಿದ ಕ್ಯಾಂಡಿಡೇಟ್. ಬೆಂಗಳೂರಿನ ಒಂದು ದೇವಶಾಸ್ತ್ರ ಕಾಲೇಜಿನಲ್ಲಿ ಬಿ.ಡಿ. ಓದುತ್ತಿದ್ದಾರೆ. ಅವರು, ನಾನು, ಇಬ್ಬರು ಮಕ್ಕಳು ಕಾಲೇಜಿನ ವಿವಾಹಿತರ ಕ್ವಾರ್ಟರ್ಸಿನಲ್ಲಿದ್ದೇವೆ. ಕಾಲೇಜಿನ ಹೆಸರನ್ನಾಗಲಿ ಸಭಾಪ್ರಾಂತದ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅಭಿಷೇಕದ ಪಟ್ಟಿಯಿಂದ ಬಿಟ್ಟುಹೋಗುವುದು ನನ್ನ ಹೆಸರಲ್ಲ. ಪತ್ರ ಯಾರಿಗೆಂದು ನಿಮಗೆ ತಿಳಿದೇ ತಿಳಿಯುತ್ತದೆ. ಬೇರೆ ಪ್ರಾಂತಗಳವರೂ ಇದನ್ನು ತಮಗೇ ಬರೆದದ್ದೆಂದು ಓದಿಕೊಂಡರೆ ನನಗೇನೂ ಬೇಸರವಿಲ್ಲ.

ಕಳೆದ ತಿಂಗಳು ನಿಮ್ಮ ಕಚೇರಿಯಿಂದ ಒಂದು ಪತ್ರ ಬಂತು. ಕ್ವಾರ್ಟರ್ಸಿನಲ್ಲಿ ರೊಟ್ಟಿ ವ್ಯಾಪಾರ ನಡೆಯುತ್ತಿರುವುದು ಗಮನಕ್ಕೆ ಬಂದಿದೆ, ಸೇವೆಗೆ ಕರೆ ಹೊಂದಿದ ಕುಟುಂಬದ ಘನತೆಗೆ ಅದು ತಕ್ಕದ್ದಲ್ಲ, ಕೂಡಲೇ ನಿಲ್ಲಿಸಬೇಕು ಎಂದಿತ್ತು. ರೊಟ್ಟಿ ಬಡಿದವಳು ನಾನು, ಪತ್ರ ಮಾತ್ರ ಇವರ ಹೆಸರಿಗೆ. ಮಾರನೆಯ ದಿನ ಹೀಬ್ರೂ ಪರೀಕ್ಷೆ. ಇವರು ಪತ್ರವನ್ನು ಓದಿ, ಮಡಿಸಿ, ವ್ಯಾಕರಣದ ಪುಸ್ತಕದೊಳಗೆ ಇಟ್ಟುಬಿಟ್ಟರು. ನನಗೆ ಸಿಕ್ಕಿದ್ದು ಪರೀಕ್ಷೆ ಮುಗಿದ ಮೇಲೆ.

ವ್ಯಾಪಾರ ಎಷ್ಟು ದೊಡ್ಡದೆಂದು ಕೇಳಿ. ನನ್ನ ತವರು ಗದಗ ಕಡೆ. ಕಾಲೇಜಿನ ಪಕ್ಕದ ರಸ್ತೆಯ ಪಿ.ಜಿ.ಗಳಲ್ಲಿ ವಿಜಯಪುರ, ಬಾಗಲಕೋಟೆ, ಕೊಪ್ಪಳದ ಹುಡುಗರಿದ್ದಾರೆ. ಮೂರು ಹೊತ್ತೂ ಅನ್ನ, ಇಡ್ಲಿ ತಿಂದು ಬೇಸತ್ತವರು. ಅವರಿಗೆ ಒಂದಿಷ್ಟು ಬಿಸಿ ರೊಟ್ಟಿ, ವಾರಕ್ಕೊಮ್ಮೆ ಖಡಕ್ ರೊಟ್ಟಿಯ ಕಟ್ಟು, ಜೊತೆಗೆ ಗುರೆಳ್ಳು ಹಿಂಡಿ ಇಲ್ಲವೇ ಶೇಂಗಾ ಹಿಂಡಿ. ಜೋಳದ ಹಿಟ್ಟು ತವರಿನಿಂದಲೇ ಬರುತ್ತದೆ. ಇಲ್ಲಿನ ಗಿರಣಿಯ ಹಿಟ್ಟು ಎಷ್ಟು ನಾದಿದರೂ ಅಂಚು ಒಡೆಯುತ್ತದೆ. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಿನಲ್ಲಿ ನನಗೆ ದುಡ್ಡಿಲ್ಲ, ಹಿಟ್ಟಿನ ಚೀಲಕ್ಕೆ ಮಾತ್ರ ಕಂಡಕ್ಟರು ಲಗೇಜು ಹಾಕುತ್ತಾರೆ. ಬಂದ ಹಣ ಹಾಲಿಗೆ, ಗ್ಯಾಸಿಗೆ, ಮಗನಿಗೆ ಕೆಮ್ಮು ಬಂದಾಗ ಔಷಧಿಗೆ ಹೋಗುತ್ತದೆ. ವ್ಯಾಪಾರವೆಂದರೆ ಇಷ್ಟೇ.

ಒಂದು ದೂರು ಬಂದದ್ದು ನಿಜ. ಕೆಳಗಿನ ಮನೆಯಲ್ಲಿ ಗ್ರೀಕ್ ಓದುವ ಒಬ್ಬ ತಮ್ಮ ಮೇಲೆ ಬಂದು, ಅಕ್ಕಾ, ನೀವು ರೊಟ್ಟಿ ಬಡಿಯೋ ಸದ್ದಿಗೆ ಕ್ರಿಯಾಪದಗಳು ತಲೆಯಲ್ಲಿ ನಿಲ್ಲುತ್ತಿಲ್ಲ ಎಂದ. ಮಣೆಯ ಕೆಳಗೆ ಗೋಣಿತಟ್ಟು ಹಾಕಿಕೊಂಡೆ. ಅವನಿಗೂ ಎರಡು ರೊಟ್ಟಿ ಕೊಟ್ಟೆ. ದೂರು ಅಲ್ಲಿಗೇ ಮುಗಿಯಿತು.

ಈಗ ಸ್ಟೈಪೆಂಡಿನ ಮಾತು. ನೀವು ಕಳಿಸುವುದು ಒಬ್ಬರ ಲೆಕ್ಕ: ಫೀ, ಮೆಸ್ ಬಿಲ್ಲು, ಪುಸ್ತಕಕ್ಕೊಂದಿಷ್ಟು. ಅರ್ಜಿಯಲ್ಲಿ ವಿವಾಹಿತರೋ ಅವಿವಾಹಿತರೋ ಎಂಬ ಕಲಂ ಇದೆ, ಮಕ್ಕಳೆಷ್ಟು ಎಂಬ ಕಲಮೂ ಇದೆ. ಎರಡನ್ನೂ ನಾವು ಶ್ರದ್ಧೆಯಿಂದ ತುಂಬಿದೆವು. ತುಂಬಿದ್ದರಿಂದ ಮೊತ್ತದಲ್ಲಿ ಒಂದು ರೂಪಾಯಿಯೂ ಆಚೀಚೆ ಆಗಲಿಲ್ಲ. ಆ ಹಣವೂ ಮೂರು ತಿಂಗಳಿಗೊಮ್ಮೆ, ಅದೂ ಮೂರನೆಯ ತಿಂಗಳ ಕೊನೆಗೆ. ಅಲ್ಲಿಯವರೆಗೆ ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲಿ ಉದ್ರಿ. ಅಂಗಡಿಯ ಯಜಮಾನರು ನಮ್ಮ ಸಭೆಯವರಲ್ಲ, ನಮ್ಮ ಧರ್ಮದವರೂ ಅಲ್ಲ. “ಪಾದ್ರಿ ಆಗೋರು, ಎಲ್ಲಿಗೆ ಓಡಿಹೋಗ್ತಾರೆ” ಎಂದು ನಕ್ಕು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಇವರ ಕರೆಯ ಮೇಲೆ ಅವರಿಗಿರುವ ಭರವಸೆ ದೊಡ್ಡದು.

ಮಧ್ಯಾಹ್ನ ಎಲ್ಲ ವಿದ್ಯಾರ್ಥಿಗಳೂ ಮೆಸ್ಸಿನಲ್ಲೇ ಉಣ್ಣಬೇಕು, ಅನ್ಯೋನ್ಯತೆಗೆ ಅದು ಒಳ್ಳೆಯದು ಎಂಬುದು ಇಲ್ಲಿಯ ನಿಯಮ. ಒಳ್ಳೆಯದೇ. ಅನ್ನ, ಸಾರು, ಎಲೆಕೋಸಿನ ಪಲ್ಯ. ಬುಧವಾರ ಕೋಳಿಸಾರು. ತಟ್ಟೆಯನ್ನು ಹೊರಗೆ ಒಯ್ಯುವ ಹಾಗಿಲ್ಲ. ಬುಧವಾರ ಇವರು ಹೊಟ್ಟೆ ತುಂಬ ಉಣ್ಣುವುದಿಲ್ಲವೆಂದು ನನಗೆ ಇನ್ನೊಬ್ಬ ವಿದ್ಯಾರ್ಥಿಯ ಹೆಂಡತಿ ಹೇಳಿದಳು. ಅವಳ ಗಂಡನೂ ಹಾಗೆಯೇ ಅಂತೆ. ಭಾನುವಾರ ಇನ್ನೊಂದು ಬಗೆ. ಬೆಳಗ್ಗೆ ಬೇಗ ಎದ್ದು ಇವರು ಫೀಲ್ಡ್‌ವರ್ಕಿಗೆ ಹಾಕಿದ ಸಭೆಗೆ ಹೊರಡುತ್ತಾರೆ. ಅಲ್ಲಿ ಪ್ರಸಂಗ ಮುಗಿದ ಮೇಲೆ ಯಾರದೋ ಮನೆಯಲ್ಲಿ ಪಲಾವು, ಮಟನ್ನು. ನಮ್ಮ ಜನ ಅಯ್ಯನವರಿಗೆ ಉಣ್ಣಿಸುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಮನೆಯಲ್ಲಿದ್ದ ಒಂದೇ ಕೋಳಿಯನ್ನು ಅಯ್ಯನವರು ಬಂದರೆಂದು ಕೊಯ್ದವರನ್ನು ನಾನು ಹಳ್ಳಿಯಲ್ಲಿ ಕಂಡಿದ್ದೇನೆ. ಅಯ್ಯನವರಾಗುವ ಮೊದಲು ಆ ಮನುಷ್ಯ, ಅವನ ಹೆಂಡತಿ ಮಕ್ಕಳು ಏನು ಉಂಡರು ಎಂದು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಅದು ಅವರ ತಪ್ಪಲ್ಲ, ಕ್ಯಾಂಡಿಡೇಟ್ ಮೇಲೆ ಖರ್ಚಾಗುವುದೆಲ್ಲ ಸಭಾಪ್ರಾಂತದ್ದು ಎಂದು ಅವರು ನಂಬಿದ್ದಾರೆ.

ಸರ್ಕಾರದ ಲೆಕ್ಕದಲ್ಲಾದರೂ ನನ್ನ ಮಗಳಿದ್ದಾಳೆ. ಶಾಲೆಯಲ್ಲಿ ಬಿಸಿಯೂಟ ಸಿಗುತ್ತದೆ, ಹಾಲು ಸಿಗುತ್ತದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವು ಸೇರಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆಯೂ ಬಂದಿದೆ. ಚಿಕ್ಕವನಿಗೆ ಇನ್ನೂ ಶಾಲೆಯ ವಯಸ್ಸಲ್ಲ. ರೇಷನ್ ಕಾರ್ಡು ಅತ್ತೆಯವರ ಊರಲ್ಲಿದೆ, ಅಕ್ಕಿ ಅಲ್ಲೇ ಬೇಯುತ್ತದೆ. ಕಾರ್ಡಿನಲ್ಲಿ ಯಜಮಾನಿ ಅತ್ತೆಯವರಾದ್ದರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದೂ ಅವರಿಗೇ. ಬರಲಿ, ಅವರ ಬಿ.ಪಿ. ಮಾತ್ರೆ ಅದರಲ್ಲೇ ಆಗಬೇಕು. ನಾನು ಹೇಳುವುದು ಇಷ್ಟೇ: ಸರ್ಕಾರದ ಪುಸ್ತಕದಲ್ಲಿ ನಾವು ಒಂದು ಕುಟುಂಬ, ಸಭೆಯ ಪುಸ್ತಕದಲ್ಲಿ ಒಬ್ಬ ಗಂಡಸು.

ಹಾಗೆಂದು ಇಲ್ಲಿ ಅಳುತ್ತ ಕೂತಿದ್ದೇವೆಂದು ತಿಳಿಯಬೇಡಿ. ಕ್ವಾರ್ಟರ್ಸಿನ ಅಡುಗೆಮನೆಗಳು ದೊಡ್ಡ ಪಾಠಶಾಲೆ. ನನ್ನ ಎದುರು ಮನೆಯಾಕೆ ಗುಂಟೂರಿನವಳು. ಅವಳು ಗೋಂಗೂರ ಎಂದು ಹುರಿಯುತ್ತಿದ್ದ ಸೊಪ್ಪನ್ನು ನೋಡಿದರೆ ನಮ್ಮ ಪುಂಡಿ! ಅಂದಿನಿಂದ ಒಂದೇ ಕಟ್ಟು ತಂದು ಅರ್ಧ ಅವಳ ಪಚ್ಚಡಿಗೆ, ಅರ್ಧ ನನ್ನ ಪುಂಡಿಪಲ್ಯಕ್ಕೆ. ನಾಗಾಲ್ಯಾಂಡಿನ ಅಕ್ಕ ಹುದುಗಿಸಿದ ಸೋಯಾ ಕಾಳನ್ನು ಒಲೆಯ ಮೇಲಿಟ್ಟ ದಿನ ಇಡೀ ಮಹಡಿಗೆ ಗೊತ್ತಾಗುತ್ತದೆ. ಮೊದಮೊದಲು ನಾನು ಕಿಟಕಿ ಹಾಕಿಕೊಳ್ಳುತ್ತಿದ್ದೆ, ಈಗ ನನ್ನ ಮಗ ಅವರ ಬಾಗಿಲಲ್ಲೇ ಇರುತ್ತಾನೆ. ಕೇರಳದ ಚೇಚಿ ಜ್ವರ ಬಂದ ಯಾವ ಮನೆಗಾದರೂ ಕೇಳದೆಯೇ ಗಂಜಿ ಕಳಿಸುತ್ತಾಳೆ. ತಿಂಗಳ ಕೊನೆಯ ವಾರ ನಾವೆಲ್ಲ ಸೇರಿ ಅಡುಗೆ ಮಾಡುವುದು ರೂಢಿ, ಒಬ್ಬರ ಬೇಳೆ, ಇನ್ನೊಬ್ಬರ ಎಣ್ಣೆ. ಅಪೊಸ್ತಲರ ಕಾಲದ ಸಭೆಯಲ್ಲಿ ಎಲ್ಲವೂ ಹುದುವಾಗಿತ್ತೆಂದು ಇವರು ಪರೀಕ್ಷೆಗೆ ಉರುಹೊಡೆಯುತ್ತಾರೆ. ನಾವು ಗ್ಯಾಸ್ ಉಳಿಸಲೆಂದು ಅದನ್ನೇ ಮಾಡುತ್ತೇವೆ.

ನೀವು ಪ್ರಸಂಗಪೀಠದಿಂದ ಹೇಳಿದ್ದನ್ನು ನಿಮಗೇ ತಿರುಗಿ ಹೇಳುವುದು ಅಧಿಕಪ್ರಸಂಗ. ಆದರೂ ಬೈಬಲಿನ ಎರಡನೆಯ ಅರಸುಗಳ ನಾಲ್ಕನೆಯ ಅಧ್ಯಾಯವನ್ನು ಇನ್ನೊಮ್ಮೆ ತೆಗೆದು ನೋಡಿ. ಪ್ರವಾದಿಮಂಡಳಿಯವನೊಬ್ಬ ಸಾಲ ಉಳಿಸಿ ಸತ್ತಿದ್ದಾನೆ. ಅವನೂ ಒಂದು ಬಗೆಯ ಕ್ಯಾಂಡಿಡೇಟೇ ಅಲ್ಲವೇ? ಸಾಲ ಕೊಟ್ಟವನು ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಾಗಿಲಿಗೆ ಬಂದಿದ್ದಾನೆ. ಹೆಂಡತಿ ಪ್ರವಾದಿ ಎಲೀಷನ ಬಳಿ ಹೋಗಿ ಮೊರೆಯಿಡುತ್ತಾಳೆ. ಎಲೀಷ ಕೇಳಿದ್ದು, ಮನೆಯಲ್ಲಿ ಏನಿದೆ ಎಂದು. ಒಂದು ಮೊಗೆ ಎಣ್ಣೆ. ನೆರೆಮನೆಗಳಿಂದ ಪಾತ್ರೆ ತರಿಸಿದ, ಎಣ್ಣೆ ಉಕ್ಕಿತು, ಅದು ಎಲ್ಲರಿಗೂ ಗೊತ್ತಿರುವ ಅದ್ಭುತ. ಆಮೇಲೆ ಅವನು ಹೇಳಿದ್ದು ಏನು? ಹೋಗಿ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿರಿ ಎಂದ. ಪ್ರವಾದಿಮಂಡಳಿಯ ಘನತೆಗೆ ಎಣ್ಣೆ ಮಾರುವುದು ತಕ್ಕದ್ದಲ್ಲ ಎನ್ನಲಿಲ್ಲ. ಆಕೆಯ ಮಾತನ್ನು ಆಕೆಯಿಂದಲೇ ಕೇಳಿದ, ಉತ್ತರವನ್ನೂ ಆಕೆಗೇ ಕೊಟ್ಟ.

ಅದೇ ಅಧ್ಯಾಯದ ಕೊನೆಗೆ ಗಿಲ್ಗಾಲಿನ ಮೆಸ್ಸಿನ ಕಥೆಯಿದೆ. ಬರಗಾಲ. ಯಾರೋ ಗೊತ್ತಿಲ್ಲದ ಕಾಡುಕಾಯಿ ತಂದು ದೊಡ್ಡ ಹಂಡೆಯಲ್ಲಿ ಹೆಚ್ಚಿಹಾಕಿದ್ದಾರೆ. ಬಾಯಿಗಿಟ್ಟ ಶಿಷ್ಯರು ಹಂಡೆಯಲ್ಲಿ ಮರಣವಿದೆ ಎಂದು ಕೂಗಿಕೊಳ್ಳುತ್ತಾರೆ. ಎಲೀಷ ಅವರಿಗೆ ತಾಳ್ಮೆಯ ಮೇಲೆ ಪ್ರಸಂಗ ಮಾಡಲಿಲ್ಲ, ಹಿಟ್ಟು ತನ್ನಿ ಎಂದ.

ಓದುವುದು ಬೆಂಗಳೂರಿನಲ್ಲಾದರೂ ಇವರ ಕೈಗೆ ಬರಲಿರುವ ಡಿಗ್ರಿ ಬಂಗಾಳದ ಸೆರಾಂಪುರದ್ದು. ಸಭಾಚರಿತ್ರೆಯ ಪಾಠವನ್ನು ಇವರು ರಾತ್ರಿ ಗಟ್ಟಿಯಾಗಿ ಓದುವುದರಿಂದ ನನಗೂ ಅರ್ಧ ಬಾಯಿಪಾಠವಾಗಿದೆ. ಅಲ್ಲಿಯ ಮಿಷನರಿ ವಿಲಿಯಂ ಕೇರಿ ದೊಡ್ಡವರು. 1817ರಲ್ಲಿ ನಮ್ಮ ಕನ್ನಡಕ್ಕೂ ಒಂದು ವ್ಯಾಕರಣ ಬರೆದವರು. ಅವರ ಹೆಂಡತಿ ಡೊರೊಥಿ ಮನಸ್ಸಿಲ್ಲದ ಮನಸ್ಸಿನಿಂದ 1793ರಲ್ಲಿ ಕೈಗೂಸಿನೊಂದಿಗೆ ಹಡಗು ಹತ್ತಿ ಬಂದಳು. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಮೇಲೆ ಆಕೆಯ ಬುದ್ಧಿ ಸ್ತಿಮಿತಕ್ಕೆ ಬರಲೇ ಇಲ್ಲ, 1807ರಲ್ಲಿ ಸಾಯುವವರೆಗೂ. ಅದೇ ಸೆರಾಂಪುರದಲ್ಲಿ 1800ರಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಮತ್ತು ಅವರ ಜೊತೆಯವರು ಒಂದೇ ಮೇಜಿನಲ್ಲಿ ಉಂಡು, ಒಂದೇ ಪೆಟ್ಟಿಗೆಯಲ್ಲಿ ಹಣವಿಟ್ಟು ಬಾಳತೊಡಗಿದರು. ಆ ಪೆಟ್ಟಿಗೆಗೆ ದೊಡ್ಡ ಪಾಲು ತಂದದ್ದು ಹ್ಯಾನಾ ಮಾರ್ಷ್‌ಮನ್ ತಮ್ಮ ಗಂಡನ ಜೊತೆಗೂಡಿ ನಡೆಸಿದ ಬೋರ್ಡಿಂಗ್ ಶಾಲೆಗಳು. ಪಾದ್ರಿಯ ಹೆಂಡತಿ ದುಡಿದ ದುಡ್ಡು ಅಂದು ಸೆರಾಂಪುರಕ್ಕೆ ಬೇಕಾಗಿತ್ತು. ಆ ಊರಿನ ಹೆಸರಿನ ಡಿಗ್ರಿಗೆ ಓದುವವನ ಹೆಂಡತಿ ದುಡಿಯುವುದು ಇಂದು ನಿಮಗೆ ಅವಮಾನ.

ಎಲ್ಲ ದುಡಿಮೆಯೂ ಅಲ್ಲ, ಬಿಡಿ. ನಮ್ಮ ಊರ ಸಭೆಗೆ ಗೋಪುರ ಕಟ್ಟುವಾಗ ಸ್ತ್ರೀಯರ ಅನ್ಯೋನ್ಯ ಕೂಟದಿಂದ ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರಿದೆವು. ರೊಟ್ಟಿಯ ಪಾಲು ಬಹುತೇಕ ನನ್ನದೇ. ಸುಗ್ಗಿ ಹಬ್ಬದ ಏಲಂನಲ್ಲಿ ಒಂದು ಕಟ್ಟು ರೊಟ್ಟಿಯನ್ನು ನೀವೇ, ಅಯ್ಯನವರೇ, ಕೈಯಲ್ಲೆತ್ತಿ ಹಿಡಿದು ಕೂಗಿದಿರಿ. ಹಿರಿಯರೊಬ್ಬರು ಪೈಪೋಟಿಯ ಮೇಲೆ ಕೊಂಡರು. ಆಗ ನನ್ನನ್ನು ಮುಂದಕ್ಕೆ ಕರೆದು ಶಾಲು ಹೊದಿಸಿದಿರಿ, ಇದು ಸೇವೆ ಎಂದಿರಿ. ಹಿಟ್ಟು ಅದೇ, ಹಂಚು ಅದೇ, ಕೈ ಅದೇ. ಗೋಪುರಕ್ಕೆ ಬಡಿದರೆ ಶಾಲು, ಮಗನ ಹಾಲಿಗೆ ಬಡಿದರೆ ನೋಟೀಸು.

ಹೆಂಡತಿಯರಿಗೆಂದು ಇಲ್ಲಿ ಮಧ್ಯಾಹ್ನ ಕ್ಲಾಸುಗಳಿವೆ. ಭಾನುವಾರ ಶಾಲೆ ನಡೆಸುವುದು, ಕೂಟಗಳಲ್ಲಿ ಪ್ರಾರ್ಥನೆ ಮಾಡುವುದು, ಅತಿಥಿಸತ್ಕಾರ. ತಪ್ಪದೇ ಬರಬೇಕು, ಹಾಜರಿ ಇದೆ. ಅಂದರೆ ನಾಳೆ ಸಭೆಗೆ ಇಬ್ಬರು ಸೇವಕರು ಬೇಕು, ಖರ್ಚು ಇವತ್ತು ಒಬ್ಬರದು ಮಾತ್ರ. ನಾನು ಡಿ.ಎಡ್. ಮಾಡಿದವಳು. ಹತ್ತಿರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ತರಬೇತಿಯ ಕಾಲದಲ್ಲಿ ಹೆಂಡತಿ ಹೊರಗೆ ಕೆಲಸಕ್ಕೆ ಹೋಗುವಂತಿಲ್ಲ ಎಂದಿರಿ, ಬಿಟ್ಟೆ. ಮನೆಯೊಳಗಿನ ಕೆಲಸ ಹಿಡಿದೆ, ಅದೂ ಆಗದು ಎಂದಿರಿ. ಇನ್ನು ಹೆಣ್ಣು ಕ್ಯಾಂಡಿಡೇಟುಗಳ ಪಾಡು ಬೇರೆಯೇ. ಒಬ್ಬಾಕೆ ಮಗುವನ್ನು ತಾಯಿಮನೆಯಲ್ಲಿ ಬಿಟ್ಟು ಹಾಸ್ಟೆಲಿನಲ್ಲಿದ್ದಾಳೆ. ಅವಳ ಗಂಡನಿಗೆ ಯಾರೂ ಹಾಜರಿ ಹಾಕುವುದಿಲ್ಲ, ಕೆಲಸ ಬಿಡು ಎಂದೂ ಹೇಳಿಲ್ಲ. 2013ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಪುಷ್ಪ ಲಲಿತ ಅಮ್ಮನವರು ನಂದ್ಯಾಲದ ಬಿಷಪರೇ ಆದರು. ನಮ್ಮ ನಿಯಮಗಳಲ್ಲಿ ಮಾತ್ರ ಕ್ಯಾಂಡಿಡೇಟ್ ಇನ್ನೂ ಮದುವೆಯಾಗದ, ಚೀಲ ಹೆಗಲಿಗೇರಿಸಿ ಹೊರಟ ಹುಡುಗ.

ಇವರನ್ನು ನೀವು ಮೊದಲು ಡೀಕನ್ ಆಗಿ ಅಭಿಷೇಕಿಸುತ್ತೀರಿ. ಆ ಪದವಿಗೆ ಮೂಲವೆಂದು ಕ್ಲಾಸಿನಲ್ಲಿ ಕಲಿಸುವ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವೂ ಒಂದು ಕುಂದುಕೊರತೆಯೇ: ದಿನದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎಂಬ ಗೊಣಗಾಟ. ಅಪೊಸ್ತಲರು ಗೊಣಗಿದವರಿಗೆ ನೋಟೀಸು ಕೊಡಲಿಲ್ಲ. ಏಳು ಜನರನ್ನು ಆರಿಸಿ ಕೆಲಸ ಒಪ್ಪಿಸಿದರು.

ಬರುವ ಸಭಾಪ್ರಾಂತ ಪರಿಷತ್ತಿನಲ್ಲಿ ಇದನ್ನು ಅಜೆಂಡಾಕ್ಕೆ ಹಾಕಿ ಎಂದು ಕೇಳುತ್ತೇನೆ. ಸ್ಟೈಪೆಂಡನ್ನು ಕುಟುಂಬದ ಲೆಕ್ಕದಲ್ಲಿ ಕೊಡಿ. ಹಣ ಸಾಲದೆನ್ನುವುದಾದರೆ ಇರುವಷ್ಟನ್ನೇ ತಿಂಗಳ ಮೊದಲ ವಾರ ಕಳಿಸಿ, ಉದ್ರಿ ತಪ್ಪಿದರೆ ಅರ್ಧ ಚಿಂತೆ ಹೋಗುತ್ತದೆ. ಸುಗ್ಗಿ ಹಬ್ಬದಲ್ಲಿ ಸಭೆಗಳಿಗೆ ಬರುವ ಅಕ್ಕಿ, ಜೋಳ, ರಾಗಿ, ತೊಗರಿಯಲ್ಲಿ ಒಂದು ಪಾಲು ಏಲಂಗೆ ಹೋಗದೆ ನೇರ ಕ್ಯಾಂಡಿಡೇಟುಗಳ ಮನೆಗೆ ಬರಲಿ. ಲಾರಿ ಬೇಡ, ಪರಿಷತ್ತಿಗೆ ಬೆಂಗಳೂರಿಗೆ ಬರುವವರ ಕಾರುಗಳ ಡಿಕ್ಕಿಯಲ್ಲಿ ಜಾಗವಿದೆ. ಕ್ಲಾಸಿಗೆ ಹಾಜರಾಗಿ ಉಳಿದ ಹೊತ್ತಿನಲ್ಲಿ ಹೆಂಡತಿ ದುಡಿಯುವುದು ಅವಳ ಇಷ್ಟಕ್ಕೆ ಬಿಟ್ಟದ್ದೆಂದು ನಿಯಮದಲ್ಲೇ ಬರೆಯಿರಿ. ಬೇಸಿಗೆಯಲ್ಲಿ ಇವರು ತಿಂಗಳುಗಟ್ಟಲೆ ಹಳ್ಳಿ ಸಭೆಗಳಲ್ಲಿರುವಾಗಲೂ ಮೆಸ್ಸಿನ ಹಣ ಕಡಿತವಾಗುತ್ತದೆ, ಅದರ ಬಗ್ಗೆ ಕಾಲೇಜಿನೊಂದಿಗೆ ನೀವು ಮಾತಾಡಬೇಕು. ನಾವು ಮಾತಾಡಿದರೆ ನಡೆಯುವುದಿಲ್ಲ.

ಈ ಪತ್ರ ಬರೆದದ್ದು ಇವರಿಗೆ ಗೊತ್ತು. ಓದಿ, ಎರಡು ಕಡೆ ಅಕ್ಷರದೋಷ ತಿದ್ದಿಕೊಟ್ಟರು. ಬೇಡ ಎನ್ನಲಿಲ್ಲ. ಆದ್ದರಿಂದ ಇವರನ್ನು ಕಚೇರಿಗೆ ಕರೆಸಿ ಕೇಳುವ ಅಗತ್ಯವಿಲ್ಲ. ನನ್ನ ಹೆಸರು, ವಿಳಾಸ ಸಂಪಾದಕರ ಬಳಿ ಇವೆ. ಉತ್ತರವನ್ನು ಈ ಸಲ ನನ್ನ ಹೆಸರಿಗೇ ಬರೆಯಿರಿ. ಅದು ಬರುವವರೆಗೆ ಪಿ.ಜಿ. ಹುಡುಗರಿಗೆ ರೊಟ್ಟಿ ಕೊಡುವುದನ್ನು ನಾನು ನಿಲ್ಲಿಸುವುದಿಲ್ಲ.

ಇಂತಿ,
ಕರ್ತನಲ್ಲಿ ತಮ್ಮ ವಿಧೇಯಳು,
ಒಬ್ಬ ಬಿ.ಡಿ. ವಿದ್ಯಾರ್ಥಿಯ ಹೆಂಡತಿ